ಹೊಸ ಅಣೆಕಟ್ಟೆಗೆ ದುಡ್ಡಿದೆ, ಹಳೇ ಗೇಟಿನ ಸರಪಳಿಗೆ ಯಾಕಿಲ್ಲ?

ಪ್ರಶ್ನೆ: ನಮ್ಮದು ಗಂಗಾವತಿ ಕಡೆಯ ಹಳ್ಳಿ. ಎಡದಂಡೆ ಕಾಲುವೆ ಕೆಳಗೆ ಆರು ಎಕರೆ ಭತ್ತ ಮಾಡುತ್ತೇವೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. 2025-26ರಲ್ಲಿ ಗೇಟು ಬದಲಿಸಬೇಕು ಅಂತ ಎರಡನೇ ಬೆಳೆಗೆ ನೀರೇ ಸಿಗಲಿಲ್ಲ. ಪೇಪರ್ ನೋಡಿದರೆ ದಿನಾ ಸಾವಿರಾರು ಕೋಟಿಯ ಹೊಸ ಯೋಜನೆ. ಒಂದು ಸರಪಳಿ ಸರಿಯಾಗಿಡೋಕೆ ಸರ್ಕಾರದ ಹತ್ತಿರ ದುಡ್ಡಿರಲಿಲ್ವಾ? ಇದರ ಹಿಂದೆ ಏನಾದರೂ ಅರ್ಥಶಾಸ್ತ್ರ ಇದೆಯಾ, ಇಲ್ಲ ಬರೀ ನಿರ್ಲಕ್ಷ್ಯನಾ? ಇನ್ನೊಂದು ಮಾತು. ನೀರಿನ ಕರ ಜಾಸ್ತಿ ಮಾಡಿದರೆ ಇದೆಲ್ಲ ಸರಿಹೋಗುತ್ತೆ ಅಂತ ಕೆಲವರು ಹೇಳುತ್ತಾರೆ. ಅದು ನಿಜವೇ?

ಉತ್ತರ: ನಿರ್ಲಕ್ಷ್ಯ ಇದೆ. ಆದರೆ ಬರೀ ನಿರ್ಲಕ್ಷ್ಯ ಅಂದುಬಿಟ್ಟರೆ ಯಾರೋ ಒಬ್ಬ ಎಂಜಿನಿಯರ್ ತಲೆ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಳ್ಳಬಹುದು. ನಾನು ಸರ್ಕಾರಿ ಹಣಕಾಸಿನ ಲೆಕ್ಕ ನೋಡುತ್ತಾ ಬಂದವನು. ಅಲ್ಲಿ ನನಗೆ ಕಾಣುವುದು ಬೇರೆ. ನಮ್ಮ ಬಜೆಟ್ ಬರೆಯುವ ರೀತಿಯೇ ಹೊಸದನ್ನು ಕಟ್ಟು, ಹಳೆಯದನ್ನು ಮುಂದಕ್ಕೆ ಹಾಕು ಅಂತ ಹೇಳಿಕೊಡುತ್ತದೆ. ಒಳ್ಳೆಯ ಮಂತ್ರಿ, ಒಳ್ಳೆಯ ಅಧಿಕಾರಿ ಬಂದರೂ ಅದೇ ಹಾದಿಗೆ ಬೀಳುತ್ತಾರೆ.

ಮೊದಲು ಆ ರಾತ್ರಿ ಆದದ್ದನ್ನು ಒಂದು ಸಲ ನೆನಪು ಮಾಡಿಕೊಳ್ಳೋಣ. ಆಗಸ್ಟ್ 10, ಶನಿವಾರ. ಡ್ಯಾಮ್ ತುಂಬಿತ್ತು, ಸುಮಾರು 105 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ಗೇಟನ್ನು ಹಿಡಿದಿದ್ದ ಸರಪಳಿಯ ಕೊಂಡಿ ತುಂಡಾಯಿತು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು ಹೊಳೆ ಪಾಲಾಯಿತು. ಆ ಒಂದು ಕಿಂಡಿಯಿಂದಲೇ 35,000 ಕ್ಯೂಸೆಕ್, ಅಂದರೆ ಸೆಕೆಂಡಿಗೆ 35,000 ಘನ ಅಡಿ ನೀರು ನುಗ್ಗಿತು. ಕಿಂಡಿಯನ್ನು ತಾತ್ಕಾಲಿಕವಾಗಿ ಮುಚ್ಚಲು ಸ್ಟಾಪ್‌ಲಾಗ್ ಸಿದ್ಧ ಇರಲಿಲ್ಲ. ಒತ್ತಡ ಕಡಿಮೆ ಮಾಡಲು 33 ಗೇಟಿನಿಂದಲೂ ನೀರು ಬಿಟ್ಟರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನ ಮೇಲೇ ನಿಂತು ಉಕ್ಕಿನ ತುಂಡುಗಳನ್ನು ಒಂದೊಂದಾಗಿ ಇಳಿಸಿದರು. ಒಂದು ವಾರದಲ್ಲಿ ಕಿಂಡಿ ಮುಚ್ಚಿತು. ಆಮೇಲೆ ಮಳೆ ಚೆನ್ನಾಗಿ ಬಂತು, ಡ್ಯಾಮ್ ಮತ್ತೆ ತುಂಬಿತು. ಆ ವರ್ಷ ನಾವು ಉಳಿದದ್ದು ಆ ಕೆಲಸಗಾರರ ಧೈರ್ಯದಿಂದ ಮತ್ತು ಮಳೆಯಿಂದ.

ಅದಕ್ಕೆ ಮೂರು ದಿನ ಮೊದಲು, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದಿತ್ತು. ನಲವತ್ತು ವರ್ಷದ ಸೇತುವೆ. ಒಂದು ಲಾರಿ ನದಿಗೆ ಬಿತ್ತು, ಚಾಲಕ ಬದುಕಿದ. ಒಂದೇ ವಾರ, ಒಂದೇ ರಾಜ್ಯ, ಎರಡು ಹಳೇ ಆಸ್ತಿ. 2022ರ ಸೆಪ್ಟೆಂಬರ್‌ನಲ್ಲಿ ಪರಂಬಿಕುಳಂ ಡ್ಯಾಮಿನಲ್ಲೂ ಹೀಗೇ ಗೇಟೊಂದು ಕೊಚ್ಚಿಹೋಗಿತ್ತು. ಎಚ್ಚರಿಕೆ ಬರಲಿಲ್ಲ ಅಂತ ಹೇಳುವ ಹಾಗಿಲ್ಲ.

ಈಗ ಲೆಕ್ಕದ ಪುಸ್ತಕಕ್ಕೆ ಬರೋಣ. ಸರ್ಕಾರದ ಖರ್ಚು ಎರಡು ಖಾತೆಯಲ್ಲಿ ಕೂರುತ್ತದೆ. ಹೊಸ ಡ್ಯಾಮ್, ಹೊಸ ರಸ್ತೆ, ಹೊಸ ಕಟ್ಟಡ ಬಂಡವಾಳ ವೆಚ್ಚ. ಸಂಬಳ, ಪಿಂಚಣಿ, ಸಬ್ಸಿಡಿ, ಬಡ್ಡಿ ರಾಜಸ್ವ ವೆಚ್ಚ. ಸರಪಳಿಗೆ ಗ್ರೀಸ್ ಹಚ್ಚುವುದು, ಗೇಟಿಗೆ ಬಣ್ಣ ಬಳಿಯುವುದು, ಕಾಲುವೆ ಹೂಳು ತೆಗೆಯುವುದು, ಗ್ಯಾಂಗ್‌ಮನ್‌ಗೆ ಕೂಲಿ ಕೊಡುವುದು ಎಲ್ಲ ಈ ಎರಡನೇ ಖಾತೆಗೆ ಬೀಳುತ್ತವೆ. ಅಂದರೆ ಡ್ಯಾಮ್ ಕಟ್ಟಿದರೆ ಹೂಡಿಕೆ, ಡ್ಯಾಮ್ ಉಳಿಸಿದರೆ ಖರ್ಚು.

ಇದು ಬರೀ ಹೆಸರಿನ ವ್ಯತ್ಯಾಸ ಅಲ್ಲ. 2002ರಲ್ಲಿ ಕರ್ನಾಟಕ ಹಣಕಾಸು ಹೊಣೆಗಾರಿಕೆ ಕಾಯ್ದೆ ತಂದಿತು. ದೇಶದಲ್ಲಿ ಇಂಥ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದೇ. ರಾಜಸ್ವ ಕೊರತೆ (ಈ ಎರಡನೇ ಖಾತೆಯ ಖರ್ಚು ಆದಾಯವನ್ನು ಮೀರುವುದು) ಇರಬಾರದು, ಸಾಲ ಮಾಡಿದರೆ ಅದು ಬಂಡವಾಳ ಕೆಲಸಕ್ಕೆ ಹೋಗಲಿ ಅನ್ನುವುದು ಅದರ ಆಶಯ. ಆಶಯ ಒಳ್ಳೆಯದೇ. ಸಾಲ ಮಾಡಿ ಸಂಬಳ ಕೊಡುವ ಮನೆ ಎಷ್ಟು ದಿನ ನಡೆದೀತು? ಆದರೆ ಪರಿಣಾಮ ನೋಡಿ. 2025-26ರ ರಾಜ್ಯ ಬಜೆಟ್ ಗಾತ್ರ 4.09 ಲಕ್ಷ ಕೋಟಿ. ಸಾಲ 1.16 ಲಕ್ಷ ಕೋಟಿ. ಬಂಡವಾಳ ವೆಚ್ಚ 71,336 ಕೋಟಿ. ರಾಜಸ್ವ ಕೊರತೆ 19,262 ಕೋಟಿ. ಕೊರತೆ ತಗ್ಗಿಸಬೇಕು ಅಂದಾಗ ಹಣಕಾಸು ಇಲಾಖೆ ಎಲ್ಲಿ ಕೈ ಹಾಕುತ್ತದೆ? ಸಂಬಳ ಮುಟ್ಟುವ ಹಾಗಿಲ್ಲ. ಪಿಂಚಣಿ ಮುಟ್ಟುವ ಹಾಗಿಲ್ಲ. ಬಡ್ಡಿ ಕಟ್ಟಲೇಬೇಕು. ಜನರಿಗೆ ಮಾತು ಕೊಟ್ಟ ಯೋಜನೆ ನಿಲ್ಲಿಸುವ ಹಾಗಿಲ್ಲ. ಉಳಿಯುವುದು ನಿರ್ವಹಣೆ. ಗ್ರೀಸ್ ಈ ವರ್ಷ ಹಚ್ಚದಿದ್ದರೆ ಗೇಟು ಈ ವರ್ಷವೇ ಬೀಳುವುದಿಲ್ಲವಲ್ಲ.

ಕೇಂದ್ರದ ಕಡೆಯೂ ಇದೇ ಕಥೆ. 2020-21ರಿಂದ ಕೇಂದ್ರ ಸರ್ಕಾರ ರಾಜ್ಯಗಳಿಗೆ 50 ವರ್ಷದ ಬಡ್ಡಿಯಿಲ್ಲದ ಸಾಲ ಕೊಡುತ್ತಿದೆ. 2025-26ರಲ್ಲಿ ಇದಕ್ಕೆ 1.5 ಲಕ್ಷ ಕೋಟಿ ಇಟ್ಟಿತ್ತು. ಇಷ್ಟು ಅಗ್ಗದ ದುಡ್ಡು ಬೇರೆಲ್ಲೂ ಸಿಗುವುದಿಲ್ಲ. ಆದರೆ ಅದು ಬಂಡವಾಳ ಕೆಲಸಕ್ಕೆ ಮಾತ್ರ. ನೀವೇ ನೀರಾವರಿಯ ಮುಖ್ಯ ಎಂಜಿನಿಯರ್ ಅಂತಿಟ್ಟುಕೊಳ್ಳಿ. ಹೊಸದಕ್ಕೆ ಬಡ್ಡಿಯಿಲ್ಲದ ಹಣ, ಹಳೆಯದಕ್ಕೆ ಹಣಕಾಸು ಇಲಾಖೆಯ ಮುಂದೆ ಕೈಯೊಡ್ಡುವ ಕೆಲಸ. ಯಾವ ಕಡತ ಮೇಲೆ ಕಳಿಸುತ್ತೀರಿ?

ಇದರಲ್ಲಿ ಇನ್ನೊಂದು ತಿರುವು ಇದೆ. ನನಗೆ ಅತಿ ಜಾಸ್ತಿ ಚಿಂತೆ ಹಚ್ಚಿದ್ದು ಇದೇ. ಗೇಟಿಗೆ ವರ್ಷವರ್ಷ ಎಣ್ಣೆ ಹಾಕುವುದು ರಾಜಸ್ವ. ಎಣ್ಣೆಯಿಲ್ಲದೆ ತುಕ್ಕು ಹಿಡಿದು ಇಡೀ ಗೇಟೇ ಬದಲಿಸಬೇಕಾಗಿ ಬಂದರೆ ಅದು ಬಂಡವಾಳ! ಆಗ ಸಾಲ ಸಿಗುತ್ತದೆ, ಟೆಂಡರ್ ಆಗುತ್ತದೆ, ಪೂಜೆ ಆಗುತ್ತದೆ. ಹಾಳಾಗುವ ತನಕ ಕಾದವರಿಗೆ ದುಡ್ಡು, ಹಾಳಾಗದಂತೆ ನೋಡಿಕೊಂಡವರಿಗೆ ಬರಿಗೈ. ನಿಮ್ಮ ಟ್ರ್ಯಾಕ್ಟರ್‌ಗೆ ಬ್ಯಾಂಕು ಎಂಜಿನ್ ಆಯಿಲ್‌ಗೆ ಬಿಡಿಗಾಸು ಕೊಡುವುದಿಲ್ಲ, ಎಂಜಿನ್ ಸೀಜ್ ಆದರೆ ಮಾತ್ರ ಹೊಸ ಎಂಜಿನ್‌ಗೆ ಬಡ್ಡಿಯಿಲ್ಲದ ಸಾಲ ಕೊಡುತ್ತದೆ ಅಂದರೆ ಹೇಗಿರುತ್ತಿತ್ತು? ನೀವು ರೈತರು. ಟ್ರ್ಯಾಕ್ಟರ್ ನಿಮ್ಮದು, ಹಾಗಾಗಿ ಕೈಯಿಂದ ಹಾಕಿಯಾದರೂ ಆಯಿಲ್ ಬದಲಿಸುತ್ತೀರಿ. ಡ್ಯಾಮ್ ಎಲ್ಲರದು.

ಸರ್ಕಾರದ ಲೆಕ್ಕದಲ್ಲಿ ಸವಕಳಿ ಅನ್ನುವ ಸಾಲೇ ಇಲ್ಲ. ಒಂದು ಕಾರ್ಖಾನೆ ತನ್ನ ಯಂತ್ರ ಈ ವರ್ಷ ಎಷ್ಟು ಸವೆಯಿತು ಅಂತ ಬರೆದುಕೊಂಡು ಲಾಭದಿಂದ ಕಳೆಯುತ್ತದೆ. ಸರ್ಕಾರ ಬಂದ ದುಡ್ಡು, ಹೋದ ದುಡ್ಡು ಮಾತ್ರ ಬರೆಯುತ್ತದೆ. 1953ರಿಂದ ನೀರು ಹಿಡಿದ ಗೇಟುಗಳು ಎಪ್ಪತ್ತು ವರ್ಷ ಸವೆದವು. ಯಾವ ಬಜೆಟ್ ಪುಸ್ತಕದಲ್ಲೂ ಆ ಸವೆತ ಒಂದು ರೂಪಾಯಿಯಾಗಿ ಕಾಣಲಿಲ್ಲ. ಕಾಣದ ಖರ್ಚಿಗೆ ಯಾರು ದುಡ್ಡಿಡುತ್ತಾರೆ?

ಅರ್ಥಶಾಸ್ತ್ರ ಏನು ಹೇಳುತ್ತದೆ ಅಂತ ಕೇಳಿದ್ದೀರಿ. ಅದರ ಉತ್ತರದಲ್ಲಿ ಗೊಂದಲವೇ ಇಲ್ಲ. ಸಮಯಕ್ಕೆ ಸರಿಯಾಗಿ ಮಾಡಿದ ನಿರ್ವಹಣೆಯಷ್ಟು ಲಾಭ ತರುವ ಸರ್ಕಾರಿ ಹೂಡಿಕೆ ಕಡಿಮೆ. ವಿಶ್ವಬ್ಯಾಂಕ್ 1994ರಲ್ಲಿ ಆಫ್ರಿಕಾದ ರಸ್ತೆಗಳ ಲೆಕ್ಕ ಹಾಕಿತ್ತು. ಹತ್ತು ವರ್ಷದಲ್ಲಿ 12 ಬಿಲಿಯನ್ ಡಾಲರ್ ನಿರ್ವಹಣೆಗೆ ಹಾಕಿದ್ದರೆ, ರಸ್ತೆಗಳನ್ನು ಮತ್ತೆ ಕಟ್ಟುವ 45 ಬಿಲಿಯನ್ ಡಾಲರ್ ಖರ್ಚು ಉಳಿಯುತ್ತಿತ್ತು. ಒಂದಕ್ಕೆ ಹೆಚ್ಚುಕಡಿಮೆ ನಾಲ್ಕು. ಬಿರುಕು ಸಣ್ಣದಿದ್ದಾಗ ಮುಚ್ಚಿದರೆ ನೀರು ಒಳಗೆ ಇಳಿಯುವುದಿಲ್ಲ. ಬಿಟ್ಟರೆ ಕೆಳಗಿನ ಮಣ್ಣೇ ಕೂರುತ್ತದೆ.

ನಿಮ್ಮ ಕಡೆಯದನ್ನೇ ಹಾಕೋಣ. ಸುಮ್ನೆ ಒಂದು ಅಂದಾಜು. ಎಕರೆಗೆ 25 ಕ್ವಿಂಟಲ್ ಭತ್ತ, 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಎಕರೆಗೆ ಸುಮಾರು 59,000. ಬರೀ ಒಂದು ಲಕ್ಷ ಎಕರೆಯಲ್ಲಿ ಎರಡನೇ ಬೆಳೆ ತಪ್ಪಿತು ಅಂದರೆ 590 ಕೋಟಿಯ ಭತ್ತ ಬೆಳೆಯಲೇ ಇಲ್ಲ. ತುಂಗಭದ್ರಾ ಅಚ್ಚುಕಟ್ಟು ಕರ್ನಾಟಕದಲ್ಲೇ 9 ಲಕ್ಷ ಎಕರೆ ದಾಟುತ್ತದೆ. ಬೀಜ, ಗೊಬ್ಬರದ ಖರ್ಚು ಉಳಿಯಿತು ಅಂತ ಒಂದಿಷ್ಟು ಕಳೆಯಿರಿ. ಆದರೆ ನಾಟಿಗೆ ಬರುವ ಹೆಣ್ಣಾಳುಗಳ ಕೂಲಿ, ಹಮಾಲರ ಕೂಲಿ, ಗಂಗಾವತಿಯ ರೈಸ್‌ಮಿಲ್ಲು, ದನಕ್ಕೆ ಹುಲ್ಲು ಎಲ್ಲ ಸೇರಿಸಬೇಕಾಗುತ್ತದೆ. ಗೇಟುಗಳ ಖರ್ಚು ಹತ್ತಾರು ಕೋಟಿಗಳ ಮಟ್ಟದ್ದು. ಗ್ರೀಸು, ತಪಾಸಣೆ, ನಾಲ್ಕು ಜನ ಫಿಟ್ಟರ್‌ಗಳ ಸಂಬಳ ಅದರ ಒಂದು ಮೂಲೆಗೂ ಬರುವುದಿಲ್ಲ. ಎಪ್ಪತ್ತು ವರ್ಷದ ಗೇಟನ್ನು ಹೇಗೂ ಬದಲಿಸಲೇಬೇಕಿತ್ತು, ನಿಜ. ಆದರೆ ವರ್ಷಕ್ಕೆ ಮೂರೋ ನಾಲ್ಕೋ ಗೇಟಿನಂತೆ ಬೇಸಿಗೆಯಲ್ಲಿ ಬದಲಿಸುತ್ತಾ ಬಂದಿದ್ದರೆ? 33 ಗೇಟಿಗೆ ಹತ್ತು ವರ್ಷ ಸಾಕಿತ್ತು. 2025ರಲ್ಲಿ 80 ಟಿಎಂಸಿಗೇ ನೀರು ನಿಲ್ಲಿಸಿ, ನಿಮ್ಮ ಬೆಳೆ ತಪ್ಪಿಸಿ, ಎಲ್ಲವನ್ನೂ ಒಟ್ಟಿಗೆ ಮಾಡುವ ಗತಿ ಬರುತ್ತಿರಲಿಲ್ಲ.

ಹಾಗಂತ ಹಳೆಯದನ್ನು ರಿಪೇರಿ ಮಾಡುವುದೇ ಯಾವಾಗಲೂ ಸರಿ ಅಂತ ನಾನು ಹೇಳುತ್ತಿಲ್ಲ. ಹೂಳನ್ನೇ ನೋಡಿ. ಕಟ್ಟಿದಾಗ ಡ್ಯಾಮಿಗೆ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ 105.78. ಹೂಳಿನಿಂದ 27 ಟಿಎಂಸಿ ಹೋಯಿತು. ಒಂದು ಟಿಎಂಸಿಗೆ ಐದಾರು ಸಾವಿರ ಎಕರೆ ಭತ್ತ ಅಂದರೂ ಒಂದೂವರೆ ಲಕ್ಷ ಎಕರೆಯ ನೀರು. ಹೂಳು ತೆಗೆಯಿರಿ ಅಂತ ರೈತರು ಎಷ್ಟೋ ವರ್ಷದಿಂದ ಕೇಳುತ್ತಿದ್ದಾರೆ. ಆದರೆ ಅಷ್ಟು ಮಣ್ಣು ಎತ್ತಿ ಎಲ್ಲಿ ಹಾಕುವುದು? ಕೋಟಿಗಟ್ಟಲೆ ಲಾರಿ ಲೋಡು, ಅದಕ್ಕೆ ಡೀಸೆಲ್ಲು, ಹಾಕಲು ಜಾಗ. ಲೆಕ್ಕ ಹಾಕಿದವರೆಲ್ಲ ಇದು ಗಿಟ್ಟುವುದಿಲ್ಲ ಅಂತಲೇ ಹೇಳಿದ್ದಾರೆ, ನಾನೂ ಒಪ್ಪುತ್ತೇನೆ. ಅದಕ್ಕೇ ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ, ಡ್ಯಾಮಿನಲ್ಲಿ ಹಿಡಿಯದ ನೀರನ್ನು ತುಂಬಿಡಲು, ಸಮತೋಲನ ಜಲಾಶಯ ಕಟ್ಟುವ ಮಾತು ಬಂದಿದ್ದು. ಸಾವಿರಾರು ಕೋಟಿಯ ಕೆಲಸ, ಹೊಲ ಕಳೆದುಕೊಳ್ಳುವ ಹಳ್ಳಿಗಳು, ಮೂರು ರಾಜ್ಯಗಳ ಒಪ್ಪಿಗೆ. ಇಲ್ಲಿ ಹೊಸದು ಬೇಕಾಗಬಹುದು. ಆದರೆ ಒಂದು ಮಾತು ಮರೆಯಬಾರದು. ಮೇಲಿನ ಮಲೆಯಲ್ಲಿ ಮಣ್ಣು ಕೊಚ್ಚಿಹೋಗದಂತೆ ಗಿಡ, ಬದು, ಚೆಕ್‌ಡ್ಯಾಮ್ ನೋಡಿಕೊಂಡಿದ್ದರೆ ಆ ಹೂಳಿನ ಒಂದು ಪಾಲಾದರೂ ಡ್ಯಾಮಿಗೆ ಬರುತ್ತಿರಲಿಲ್ಲ. ಆ ಕೆಲಸವೂ ಸಣ್ಣ ಖರ್ಚಿನದ್ದು, ಕಣ್ಣಿಗೆ ಕಾಣದ್ದು. ಅದಕ್ಕೇ ಆಗಲಿಲ್ಲ.

ಹೊಸದು ಅಂದರೆ ಕೆಟ್ಟದ್ದು ಅನ್ನುವ ಹಠ ನನಗಿಲ್ಲ. 1945ರಲ್ಲಿ ಯಾರೂ ಈ ಡ್ಯಾಮಿಗೆ ಕೈ ಹಾಕದಿದ್ದರೆ ನಿಮ್ಮ ಆರು ಎಕರೆ ಇವತ್ತಿಗೂ ಬಿಳಿಜೋಳದ ಹೊಲವೇ. ಐವತ್ತು ನೂರು ವರ್ಷ ಬಾಳುವ ಆಸ್ತಿಗೆ ಸಾಲ ಮಾಡುವುದೂ ತಪ್ಪಲ್ಲ, ಮುಂದಿನವರೂ ಅದರ ಫಲ ಉಣ್ಣುತ್ತಾರೆ. ತಪ್ಪಿರುವುದು ಕಟ್ಟುವ ದಿನವೇ ಅದನ್ನು ಸಾಕುವ ಖರ್ಚನ್ನು ಬರೆದಿಡದೇ ಇರುವುದರಲ್ಲಿ.

ಒಂದು ಸಲ ರಾಯಚೂರು ಕಡೆ, ಕಾಲುವೆಯ ಕೊನೆಭಾಗದ ಒಂದು ಉಪಕಾಲುವೆ ನೋಡಲು ಹೋಗಿದ್ದೆ. ಜೊತೆಗೆ ಒಬ್ಬ ಹಂಗಾಮಿ ಗ್ಯಾಂಗ್‌ಮನ್ ಇದ್ದರು, ಐವತ್ತು ದಾಟಿದವರು. ಒಂದು ತೂಬಿನ ಹತ್ತಿರ ನಿಂತೆವು. ತೂಬಿನ ಕಬ್ಬಿಣದ ತಿರುಪು ಪೂರ್ತಿ ತುಕ್ಕು. ತಿರುಗಿಸುವ ಹ್ಯಾಂಡಲ್ ಇರಲಿಲ್ಲ. ಬಾಗಿಲು ಅರ್ಧಕ್ಕೆ ನಿಂತು ಎಷ್ಟು ವರ್ಷವಾಗಿತ್ತೋ. ರೈತರು ಗೊಬ್ಬರದ ಖಾಲಿ ಚೀಲಕ್ಕೆ ಮರಳು ತುಂಬಿ ಬಾಯಿಗೆ ಒಟ್ಟಿದ್ದರು. ನೀರು ಬೇಕಾದಾಗ ಚೀಲ ಎತ್ತುವುದು, ಸಾಕಾದಾಗ ಮತ್ತೆ ಒಟ್ಟುವುದು. ಚೀಲಗಳ ಸಂದಿಯಿಂದ ನೀರು ಹಗಲೂ ರಾತ್ರಿ ಹಳ್ಳಕ್ಕೆ ಹರಿಯುತ್ತಿತ್ತು. ಇದಕ್ಕೆ ಏನು ಬೇಕು ಅಂತ ಕೇಳಿದೆ. ಒಂದು ಡಬ್ಬ ಗ್ರೀಸು, ಒಂದು ಹ್ಯಾಂಡಲು, ಒಬ್ಬ ವೆಲ್ಡರ್ ಅರ್ಧ ದಿನ ಅಂದರು. ನಾಲ್ಕು ತಿಂಗಳಿಂದ ಅವರಿಗೇ ಕೂಲಿ ಬಂದಿರಲಿಲ್ಲ. ಅಲ್ಲಿಂದ ಮುಂದೆ ಎರಡು ಕಿಲೋಮೀಟರ್‌ನಲ್ಲಿ ಒಣ ಕಾಲುವೆ, ಜಾಲಿ ಬೆಳೆದಿತ್ತು. ಕೊನೆಭಾಗದವರು ಕಾಲುವೆಯ 69ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ ಅಂತ ದಿನಾ ಯಾಕೆ ಕೇಳುತ್ತಾರೆ ಅಂತ ನನಗೆ ಅಲ್ಲಿ ಅರ್ಥವಾಯಿತು. ಮೇಲಿನವರು ಪಂಪ್ ಇಟ್ಟು ನೀರೆತ್ತುವುದು, ಕಡಿಮೆ ನೀರಿನ ಬೆಳೆಗೆ ಮೀಸಲಾದ ಲಘು ನೀರಾವರಿ ಜಾಗದಲ್ಲಿ ಭತ್ತ ಹಾಕುವುದು ನಿಜ. ಅದರ ಮೇಲೆ ಈ ಸೋರಿಕೆ ಬೇರೆ.

ಈಗ ನೀರಿನ ಕರ. ನಮ್ಮಲ್ಲಿ ಭತ್ತಕ್ಕೆ ಎಕರೆಗೆ 100 ರೂಪಾಯಿ, ಕಬ್ಬಿಗೆ 400 ಅನ್ನುವ ದರ ವರ್ಷಗಟ್ಟಲೆ ನಡೆಯಿತು. ಅದೂ ಪೂರ್ತಿ ವಸೂಲಾಗಲಿಲ್ಲ. ಕನಿಷ್ಠ ನಿರ್ವಹಣೆಯ ಖರ್ಚಾದರೂ ನೀರಿನ ದರದಿಂದ ಬರಲಿ ಅಂತ ನೀರಾವರಿ ದರದ ಬಗ್ಗೆ ಕೇಂದ್ರ ನೇಮಿಸಿದ್ದ ವೈದ್ಯನಾಥನ್ ಸಮಿತಿ 1992ರಲ್ಲೇ ಹೇಳಿತ್ತು. ತತ್ವ ಸರಿ. ಆದರೆ ಬರೀ ದರ ಏರಿಸಿದರೆ ನಿಮ್ಮ ತೂಬು ಸರಿಹೋಗುವುದಿಲ್ಲ. ಯಾಕೆಂದರೆ ಆ ದುಡ್ಡು ಸರ್ಕಾರದ ದೊಡ್ಡ ಖಜಾನೆಗೆ ಹೋಗುತ್ತದೆ, ಅಲ್ಲಿಂದ ನಿಮ್ಮ ಕಾಲುವೆಗೆ ವಾಪಸ್ ಬರುತ್ತದೆ ಅನ್ನುವ ಭರವಸೆ ಇಲ್ಲ. ಕೊಟ್ಟ ದುಡ್ಡು ಕಣ್ಣೆದುರಿಗೆ ಕೆಲಸವಾಗಿ ಕಂಡರೆ ರೈತರು ಕೊಡುತ್ತಾರೆ. ಸ್ವಂತ ಬೋರಿಗೆ, ಮೋಟರಿಗೆ ಎಷ್ಟು ಸುರಿಯುತ್ತಾರೆ ಅಂತ ನಿಮಗೆ ಗೊತ್ತೇ ಇದೆ, ಅಲ್ವಾ? ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ದರ ಏರಲಿ, ಆದರೆ ವಸೂಲಾದ ದುಡ್ಡಿನ ದೊಡ್ಡ ಪಾಲು ಅದೇ ಉಪಕಾಲುವೆಯ ನೀರು ಬಳಕೆದಾರರ ಸಹಕಾರ ಸಂಘದ ಖಾತೆಯಲ್ಲಿ ಉಳಿಯಲಿ. ನೀರು ತಲುಪದ ಕೊನೆಭಾಗದವರಿಂದ ಒಂದು ರೂಪಾಯಿಯೂ ಕೇಳಬಾರದು.

ಡ್ಯಾಮಿನ ಮಟ್ಟದಲ್ಲಿ ಇನ್ನೊಂದು ತೊಡಕು. ತುಂಗಭದ್ರಾ ಡ್ಯಾಮ್ 1953ರಿಂದ ತುಂಗಭದ್ರಾ ಮಂಡಳಿಯ ಕೈಯಲ್ಲಿದೆ. ಎಡದಂಡೆ ಕಾಲುವೆ ಕರ್ನಾಟಕ ನೀರಾವರಿ ನಿಗಮದ್ದು. ನೀರಿನಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ ಮೂರಕ್ಕೂ ಪಾಲಿದೆ. ಖರ್ಚೂ ರಾಜ್ಯಗಳ ನಡುವೆ ಹಂಚಿಕೆಯಾಗಬೇಕು. ಹಲವರ ಮನೆಯ ಮಾಡು ಸೋರಿದರೆ ಯಾರು ಮೊದಲು ಏಣಿ ತರುತ್ತಾರೆ ಅನ್ನುವ ಪ್ರಶ್ನೆ ಇದು.

ಕಾನೂನು ಇಲ್ಲವೆಂದಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲದ ಮೊದಲು, ನಂತರ ತಪಾಸಣೆ ಕಡ್ಡಾಯ ಮಾಡಿದೆ. ನಿರ್ವಹಣೆಗೆ ಬೇಕಾದ ಹಣ ಎತ್ತಿಡಬೇಕು ಅಂತಲೂ ಹೇಳುತ್ತದೆ. ಹಳೇ ಡ್ಯಾಮ್‌ಗಳ ದುರಸ್ತಿಗೆ ವಿಶ್ವಬ್ಯಾಂಕ್ ನೆರವಿನ ಡ್ರಿಪ್ ಯೋಜನೆ 2012ರಿಂದ ನಡೆಯುತ್ತಿದೆ. ಎರಡು ಮತ್ತು ಮೂರನೇ ಹಂತಕ್ಕೆ 2020ರಲ್ಲಿ 10,211 ಕೋಟಿಗೆ ಒಪ್ಪಿಗೆ ಸಿಕ್ಕಿತು, 736 ಡ್ಯಾಮ್‌ಗಳಿಗೆ. ಒಳ್ಳೆಯದಾಯಿತು. ಆದರೆ ಇದೂ ಸಾಲ ತಂದು ಒಮ್ಮೆ ಸರಿಮಾಡುವ ದಾರಿ. ಮರುವರ್ಷದ ಗ್ರೀಸಿಗೆ ಯಾರು?

ನಮ್ಮಲ್ಲೇ ಒಂದು ಒಳ್ಳೆಯ ಮಾದರಿ ಇದೆ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ, ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನೋಡಿಕೊಳ್ಳಬೇಕು. ನಿರ್ವಹಣೆಯ ದರ ಟೆಂಡರ್‌ನಲ್ಲೇ ಇರುತ್ತದೆ. ಆಗ ಅವನಿಗೂ ಗಟ್ಟಿಯಾಗಿ ಕಟ್ಟುವ ಆಸಕ್ತಿ ಹುಟ್ಟುತ್ತದೆ. ಹೊಸ ಗೇಟುಗಳ ಗುತ್ತಿಗೆಯಲ್ಲೂ ಇಂಥ ಷರತ್ತು ಇರಬೇಕು, ಐದಲ್ಲ, ಹದಿನೈದು ವರ್ಷಕ್ಕೆ. ಹಿಂದೆ 12ನೇ ಹಣಕಾಸು ಆಯೋಗ ರಾಜ್ಯಗಳ ರಸ್ತೆ, ಸೇತುವೆ ನಿರ್ವಹಣೆಗೇ ಅಂತ 15,000 ಕೋಟಿ ಬೇರೆಯಾಗಿ ಇಟ್ಟಿತ್ತು. ಬೇರೆ ಕಡೆ ತಿರುಗಿಸುವ ಹಾಗಿರಲಿಲ್ಲ. ಆ 50 ವರ್ಷದ ಸಾಲಕ್ಕೂ ಕೇಂದ್ರ ಅಂಥದ್ದೇ ಒಂದು ಷರತ್ತು ಹಾಕಬಹುದು. ಹಳೆಯ ಆಸ್ತಿಗಳ ವಯಸ್ಸು, ಸ್ಥಿತಿ, ಈ ವರ್ಷ ಆದ ನಿರ್ವಹಣೆ ಇಷ್ಟನ್ನು ಪಟ್ಟಿ ಮಾಡಿ ಪ್ರಕಟಿಸಿದ ರಾಜ್ಯಕ್ಕೆ ಮಾತ್ರ ಹೊಸ ಕಂತು. ಒಂದು ಪೈಸೆ ಜಾಸ್ತಿ ಖರ್ಚಿಲ್ಲದ ಬದಲಾವಣೆ ಇದು.

ನೀವು ಮಾಡಬಹುದಾದ್ದೂ ಒಂದಿದೆ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ನಿಮ್ಮ ಉಪಕಾಲುವೆ ಬಗ್ಗೆ ಕೇಳಿ. ಕಳೆದ ಐದು ವರ್ಷ ನಿರ್ವಹಣೆಗೆ ಕೇಳಿದ್ದು ಎಷ್ಟು, ಬಂದದ್ದು ಎಷ್ಟು, ಕಾಮಗಾರಿ ಆದೇಶ ಕೊಟ್ಟ ತಾರೀಕು ಯಾವುದು. ಮೂರನೆಯದನ್ನು ಮರೆಯಬೇಡಿ. ಕಾಲುವೆಯಲ್ಲಿ ಕೆಲಸ ಮಾಡಲು ಸಿಗುವುದು ನೀರು ನಿಲ್ಲಿಸಿದ ಬೇಸಿಗೆಯ ಎರಡು ತಿಂಗಳು ಮಾತ್ರ. ಬಜೆಟ್ ಪಾಸಾಗಿ, ಅನುಮೋದನೆ ಬಂದು, ಟೆಂಡರ್ ಆಗಿ ಆದೇಶ ಕೈಗೆ ಬರುವ ಹೊತ್ತಿಗೆ ಜುಲೈ. ಅಷ್ಟರಲ್ಲಿ ನೀರು ಬಿಟ್ಟಾಗಿರುತ್ತದೆ. ದುಡ್ಡು ಮಂಜೂರಾದ ವರ್ಷವೂ ಕಾಲುವೆ ಹಾಗೇ ಉಳಿಯುವುದು ಇದರಿಂದ. ನಿಮ್ಮ ಕೈಗೆ ಬರುವ ಕಾಗದದಲ್ಲಿ ತಾರೀಕುಗಳೆಲ್ಲ ಜೂನ್ ದಾಟಿದ್ದರೆ ಅದನ್ನು ಎತ್ತಿಕೊಂಡು ನಿಮ್ಮ ಶಾಸಕರ ಹತ್ತಿರ ಹೋಗಿ. ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ಅವರಿಗೆ ಕುರ್ಚಿ ಇದೆ. ಮುಂದಿನ ವರ್ಷದ ಕಾಲುವೆ ಕೆಲಸದ ಟೆಂಡರ್ ಜನವರಿಯಲ್ಲೇ ಕರೆಯಿರಿ ಅಂತ ಆ ಸಭೆಯ ನಡಾವಳಿಯಲ್ಲಿ ಬರೆಸಲು ಹೇಳಿ.